ಎಂಟು ಗಂಟೆಯ ಮುಸುಕು

ನಿಮ್ಮ ಮನೆಯ ಟಿವಿಗೆ ಮುಸುಕು ಉಂಟೇ? ನಗಬೇಡಿ, ಗಂಭೀರವಾಗಿಯೇ ಕೇಳುತ್ತಿದ್ದೇನೆ. ನಮ್ಮಲ್ಲಿ ಉಂಟು. ಬಿಳಿ ನೂಲಿನ ಕ್ರೋಷಾ ಹೆಣಿಗೆ, ಅಂಚಿನಲ್ಲಿ ದ್ರಾಕ್ಷಿ ಗೊಂಚಲು, ಒಂದು ಮೂಲೆಯಲ್ಲಿ ಇಲಿ ಕಡಿದ ತೂತು. ಆ ತೂತನ್ನು ಅಮ್ಮ ಇನ್ನೊಂದು ದ್ರಾಕ್ಷಿ ಹೆಣೆದು ಮುಚ್ಚಿದ್ದಾಳೆ. ಹಾಗಾಗಿ ಆ ಒಂದು ಗೊಂಚಲಿನಲ್ಲಿ ಮಾತ್ರ ಹಣ್ಣು ಜಾಸ್ತಿ.

ಮೊನ್ನೆ ಹೊಸ ಟಿವಿಯನ್ನು ಗೋಡೆಗೆ ಬಿಗಿಯಲು ಬಂದ ಮೆಕ್ಯಾನಿಕ್ ಈ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಅಂಕಲ್, ಯೇ ಕ್ಯಾ ಹೈ?" ಎಂದು ಕೇಳಿದ. ಹಳೆಯ ಟಿವಿ ಪೆಟ್ಟಿಗೆಯಂತಿತ್ತು, ತಲೆಯ ಮೇಲಿಂದ ಇಳಿಬಿಟ್ಟರೆ ಬಟ್ಟೆ ನಿಲ್ಲುತ್ತಿತ್ತು. ಈಗಿನದು ಹಪ್ಪಳದಷ್ಟು ತೆಳು, ಹಾಕಿದ್ದೆಲ್ಲ ಜಾರುತ್ತದೆ. ಮುಸುಕು ತೂಗುಹಾಕಲು ಗೋಡೆಯಲ್ಲಿ ಎರಡು ಮೊಳೆ ಹೆಚ್ಚಿಗೆ ಬೇಕು ಎಂದೆ. ಅವನು ನನ್ನ ಮುಖ ನೋಡಿದ, ಟಿವಿ ನೋಡಿದ, ಮತ್ತೆ ನನ್ನ ಮುಖ ನೋಡಿದ. "ರಾತ್ ಕೋ ಆಠ್ ಬಜೇ ಇಸ್ಕೋ ಢಕ್ನಾ ಹೈ" ಎಂದು, ರಾತ್ರಿ ಎಂಟಕ್ಕೆ ಇದನ್ನು ಮುಚ್ಚಬೇಕೆಂದು, ನನ್ನ ಹರಕು ಹಿಂದಿಯಲ್ಲಿ ವಿವರಿಸಿದೆ. ಪಾಪ, ಟಿವಿಗೆ ಚಳಿಯಾಗುತ್ತದೆಂದು ತಿಳಿದನೋ ಏನೋ, ಎರಡು ಮೊಳೆ ಹೊಡೆದು ಹೋದ.

ಸಂಗತಿ ಇಷ್ಟೇ. ನಮ್ಮ ಮನೆಯಲ್ಲಿ ಎಂಟು ಗಂಟೆಗೆ ಪ್ರಾರ್ಥನೆ. ಎಂಟು ಅಂದರೆ ಎಂಟು. ಟಿವಿ ಆರಿಸಿದರೆ ಸಾಲದು, ಅದರ ಮುಖಕ್ಕೆ ಮುಸುಕು ಬೀಳಬೇಕು. ಆಮೇಲೆ ಒಂದು ಹಾಡು, ಬೈಬಲಿನಿಂದ ಒಂದು ವೇದಪಾಠ, ಅಮ್ಮನ ಪ್ರಾರ್ಥನೆ, ಕೊನೆಗೆ ಎಲ್ಲರೂ ಕೂಡಿ ಹೇಳುವ ಪ್ರಾರ್ಥನೆ. ಆ ಹೊತ್ತಿಗೆ ಮನೆಯೊಳಗೆ ಯಾರಿದ್ದರೂ ಕೂತುಬಿಡಬೇಕು. ನೆಂಟರಿರಲಿ, ನಲ್ಲಿ ರಿಪೇರಿಯವನಿರಲಿ, ಸೊಸೈಟಿಯ ಕಾಗದಕ್ಕೆ ಸಹಿ ಹಾಕಿಸಲು ಬಂದ ಸೆಕ್ರೆಟರಿಯಿರಲಿ, ಯಾರಿಗೂ ರಿಯಾಯಿತಿ ಇಲ್ಲ. ಒಮ್ಮೆ ಎಲೆಕ್ಷನ್ನಿಗೆ ವೋಟು ಕೇಳಲು ಬಂದ ಒಂದು ಇಡೀ ತಂಡವೇ ಚಪ್ಪಲಿ ಬಿಟ್ಟು ಕೂತಿತ್ತು. ಅಮ್ಮ ಅವರಿಗೂ ಅವರ ಎದುರಾಳಿಗೂ ಒಟ್ಟಿಗೆ ಒಳ್ಳೆಯ ಬುದ್ಧಿ ಬೇಡಿದಳು. ಕನ್ನಡ ಬಾರದ್ದರಿಂದ ಅವರು ಖುಷಿಯಾಗಿಯೇ ಹೋದರು.

ಇದನ್ನು ಶುರುಮಾಡಿದ್ದು ಅಪ್ಪ. ಉಡುಪಿ ಕಡೆಯ ನೇಕಾರ ಮನೆತನ ನಮ್ಮದು. ಅಪ್ಪ ಪರೇಲಿನ ಒಂದು ಮಿಲ್ಲಿನಲ್ಲಿ ಮಗ್ಗದ ಖಾತೆಯಲ್ಲಿದ್ದರು. ಮಿಲ್ಲಿಂದ ಬಂದು, ಕಿವಿಯೊಳಗಿನ ಹತ್ತಿಯನ್ನೂ ಬಿಡದಂತೆ ಮಿಂದು, ಊಟಕ್ಕೆ ಮೊದಲು ದೇವರ ಮುಂದೆ ಕೂರುವುದು ಅವರ ಪದ್ಧತಿ. ಚಾಳಿನ ಒಂದೇ ಖೋಲಿಯಲ್ಲಿ ನಾವು ಐದು ಜನ. ಆ ಮಹಡಿಗೆಲ್ಲ ಟಿವಿ ಇದ್ದದ್ದು ನಮ್ಮಲ್ಲಿ ಮಾತ್ರ, ಕಪ್ಪು ಬಿಳುಪಿನದು. ಅದು ಮನೆಗೆ ಬಂದ ದಿನವೇ ಅಪ್ಪ ಅಮ್ಮನ ಕೈಗೆ ನೂಲಿನ ಉಂಡೆ ಕೊಟ್ಟು, "ಇದಕ್ಕೊಂದು ಮುಚ್ಚಿಗೆ ಹೆಣಿ. ಇಲ್ಲಾಂದ್ರೆ ಮಕ್ಕಳು ಕಣ್ಣು ಮುಚ್ಚಿದ ಹಾಗೆ ಮಾಡಿ ಇದರ ಮುಖವನ್ನೇ ನೋಡ್ತಾವೆ" ಎಂದರಂತೆ. ನನ್ನನ್ನು ಅವರು ಎಷ್ಟು ಚೆನ್ನಾಗಿ ಅರಿತಿದ್ದರು ನೋಡಿ!

ಕ್ರಿಕೆಟ್ಟಿನ ಒಂದು ದೊಡ್ಡ ಫೈನಲ್ ಇದ್ದ ದಿನ ನನಗೆ ಹತ್ತು ವರ್ಷ. ಎಂಟಾಯಿತು, ಮುಸುಕು ಬಿತ್ತು. ಚಡಪಡಿಸುತ್ತ ಕೂತೆ. ಆದರೆ ಕಿವಿಗೆ ಯಾರು ಮುಸುಕು ಹಾಕುತ್ತಾರೆ? ಎದುರು ಚಾಳಿನ ರೇಡಿಯೋದಿಂದ ಬರುವ ಕೂಗನ್ನೇ ಕೇಳಿ ಆಟ ತಿಳಿಯುವ ವಿದ್ಯೆ ನನಗೆ ಆಗಲೇ ಸಿದ್ಧಿಸಿತ್ತು. "ಹೋ" ಎಂದು ಎದ್ದು ಹಾಗೆಯೇ ನಿಂತರೆ ಫೋರು. "ಹೋ" ಎಂದು ಎದ್ದು ಥಟ್ಟನೆ ಮುರಿದರೆ ವಿಕೆಟ್ಟು. ಅಪ್ಪ ತುಂಬಿದ ಕಂಠದಲ್ಲಿ ನಮ್ಮ ಪಾಪಗಳನ್ನು ಒಪ್ಪಿಕೊಂಡು, ನಾವು ನಿನ್ನ ಎದುರು ನಿಲ್ಲಲು ಯೋಗ್ಯರಲ್ಲ ಎನ್ನುತ್ತಿದ್ದಂತೆ ಹೊರಗೆ ಕೂಗು ಎದ್ದು ಮುರಿಯಿತು. ನಾನು ಕಣ್ಣು ಮುಚ್ಚಿಕೊಂಡೇ "ಔಟ್!" ಎಂದು ಕಿರುಚಿದೆ.

ಅಪ್ಪ ಹೊಡೆಯಲಿಲ್ಲ. ನಗು ತಡೆಯಲಾಗದೆ ಗೋಡೆಯ ಕಡೆ ತಿರುಗಿದರು. ಹೊಡೆದದ್ದು ಅಮ್ಮ. ಅಂದಿನಿಂದ ಇಂದಿನವರೆಗೂ ಈ ವಿಷಯದಲ್ಲಿ ಅಮ್ಮನೇ ಕಟ್ಟುನಿಟ್ಟು.

ಅಪ್ಪ ಹೋದರು, ಮಿಲ್ಲು ಹೋಯಿತು, ಚಾಳು ಹೋಯಿತು. ನಾವು ಬೊರಿವಲಿಯ ಬಿಲ್ಡಿಂಗಿನ ಮೂರನೇ ಮಾಳಿಗೆಗೆ ಬಂದೆವು. ಎಂಟು ಗಂಟೆ ಮಾತ್ರ ನಮ್ಮೊಂದಿಗೆ ಟೆಂಪೋ ಹತ್ತಿ ಬಂತು. ನಾನು ಪರೇಲಿನ ಒಂದು ಆಸ್ಪತ್ರೆಯಲ್ಲಿ ರೆಕಾರ್ಡುಗಳ ವಿಭಾಗದವನು. ದಾದರಿಗೆ ನಡೆದು ಬೊರಿವಲಿ ಫಾಸ್ಟ್ ಹಿಡಿದರೆ ಏಳೂವರೆಗೆ ಮನೆ. ನಿಜ ಹೇಳಬೇಕೆಂದರೆ, ಪ್ರಾರ್ಥನೆ ಬೇಡವೆನಿಸಿದ ದಿನಗಳಲ್ಲಿ ನಾನು ದಾದರಿನಲ್ಲೇ ಒಂದು ವಡಾ ಪಾವ್ ತಿಂದು ಎರಡು ಗಾಡಿ ಬಿಟ್ಟು ಬರುತ್ತಿದ್ದೆ. "ಲೋಕಲ್ ಲೇಟು ಅಮ್ಮ" ಎಂದರೆ ಮುಗಿಯಿತು. ಮುಂಬಯಿಯಲ್ಲಿ ಈ ಒಂದು ಮಾತನ್ನು ಯಾರೂ ಅನುಮಾನಿಸುವುದಿಲ್ಲ. ಅಮ್ಮನಂತೂ ಮರುದಿನವೇ ತನ್ನ ಪ್ರಾರ್ಥನೆಯ ಪಟ್ಟಿಗೆ ರೈಲಿನ ಡ್ರೈವರನನ್ನೂ ಸಿಗ್ನಲ್ಲುಗಳನ್ನೂ ಸೇರಿಸಿದಳು. ನನ್ನ ಸುಳ್ಳಿಗೆ ದೇವರು ಸಿಗ್ನಲ್ಲು ಸರಿಮಾಡಬೇಕಾಯಿತು ಎಂದು ನಾಚಿಕೆಯಾಗಿ, ಆಮೇಲೆ ವಡಾ ಪಾವನ್ನು ಪಾರ್ಸೆಲ್ ಕಟ್ಟಿಸಿಕೊಂಡು ನೇರ ಮನೆಗೆ ಬರತೊಡಗಿದೆ.

ಅಮ್ಮನ ಪಟ್ಟಿ ಅಂದರೆ ಸಾಮಾನ್ಯವಲ್ಲ. ಚರ್ಚಿನ ಪಾದ್ರಿ ಅಯ್ಯನವರಿಂದ ಶುರುವಾಗಿ, ಕಾಯಿಲೆಯವರು, ಬಸುರಿಯರು, ಬಿಲ್ಡಿಂಗಿನ ಲಿಫ್ಟು, ನೀರಿನ ಟಾಂಕಿ, ಎದುರು ಮನೆಯ ಮರಾಠಿ ಹೆಂಗಸು ಜೋಶಿ ಕಾಕುವಿನ ಮೊಣಕಾಲು, ಕೆಳಗಿನ ಮನೆ ಸದಾನಂದ ಶೆಟ್ರ ಹೋಟೆಲಿನ ಇಡ್ಲಿ ಪಾತ್ರೆ (ಒಮ್ಮೆ ಆವಿ ಸಿಡಿದು ಕೈ ಸುಟ್ಟಿತ್ತು), ಹೀಗೆ ಊರೆಲ್ಲ ಸುತ್ತಿ ಕೊನೆಗೆ ಮನೆಯವರ ಹತ್ತಿರ ಬರುತ್ತಾಳೆ. ಎಲ್ಲವನ್ನೂ ಪೂರ್ತಿ ಮನಸ್ಸಿಟ್ಟು ಕೇಳುತ್ತಾಳೆ. ಬಾಯಿಪಾಠದ ದನಿ ಅವಳಿಗೆ ಗೊತ್ತೇ ಇಲ್ಲ. ಲಿಫ್ಟಿಗೆ ಪ್ರಾರ್ಥಿಸುವಾಗ ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನಾನೇ ಕಂಡಿದ್ದೇನೆ. ಕಂಡಿದ್ದೇನೆ ಅಂದರೆ, ನಾನು ಕಣ್ಣು ಮುಚ್ಚಿರಲಿಲ್ಲ ಎಂದು ಒಪ್ಪಿಕೊಂಡ ಹಾಗಾಯಿತು. ಆಗಲಿ ಬಿಡಿ.

ಈಗ ನನ್ನ ಮಗಳ ವಿಷಯಕ್ಕೆ ಬರುತ್ತೇನೆ. ಬರಲು ಇಷ್ಟು ಹೊತ್ತು ಹೇಗೆ ತಡೆದುಕೊಂಡೆನೋ! ನನ್ನ ಮಗಳು ಕೃಪಾ ಕ್ರಿಕೆಟ್ ಆಡುತ್ತಾಳೆ. ಸ್ಪಿನ್ ಬೌಲರ್. ಎಡಗೈ! ಟಿವಿಯಲ್ಲಿ ಬಂದಿದ್ದಾಳೆ! ಈ ಮೂರು ವಾಕ್ಯಗಳನ್ನು ನಾನು ಲೋಕಲ್‌ನಲ್ಲಿ ಗುರುತಿಲ್ಲದವರಿಗೂ ಹೇಳಿದ್ದೇನೆ. ಒಬ್ಬರು ಅಂಧೇರಿಯಲ್ಲಿ ಇಳಿಯಬೇಕಾದವರು ಒಂದು ಸ್ಟೇಷನ್ ಮೊದಲೇ, ವಿಲೇಪಾರ್ಲೆಯಲ್ಲೇ ಇಳಿದುಬಿಟ್ಟರು.

ಆದರೆ ಮೈದಾನಗಳಿಗೆಲ್ಲ ಭಾನುವಾರವೇ ಜೀವ ಬರುವುದು. ದಾದರಿನ ಚರ್ಚಿನಲ್ಲಿ ನಮ್ಮ ಕನ್ನಡ ಆರಾಧನೆ ಭಾನುವಾರ ಹತ್ತಕ್ಕೆ. ಅಮ್ಮ ಮುಂಬಯಿಗೆ ಬಂದಂದಿನಿಂದ ಅಲ್ಲಿಯ ಎಡಸಾಲಿನ ಮೂರನೇ ಬೆಂಚು ಬಿಟ್ಟು ಕದಲಿದವಳಲ್ಲ. ಕೃಪಾ ಸಣ್ಣವಳಿದ್ದಾಗ ಆಟ ಶಾಲೆ ಇರುವ ದಿನಗಳಲ್ಲೇ ಮುಗಿಯುತ್ತಿತ್ತು. ಅಜ್ಜಿ ಮೊಮ್ಮಗಳು ಒಂದೇ ಬೆಂಚು, ಒಂದೇ ಹಾಡಿನ ಪುಸ್ತಕ, ಒಂದೇ ಪೆಪ್ಪರಮಿಂಟನ್ನು ಕಚ್ಚಿ ಇಬ್ಭಾಗ. ದೊಡ್ಡವಳಾದಂತೆ ಭಾನುವಾರಗಳು ಒಂದೊಂದೇ ಉದುರತೊಡಗಿದವು. ಅಮ್ಮ ಮೊದಮೊದಲು ನುಂಗಿಕೊಂಡಳು. ತಂಡದ ಆಯ್ಕೆಯ ದಿನ ಮಾತ್ರ ತಡೆಯಲಿಲ್ಲ.

ಅಂದು ಅಮ್ಮ ಚರ್ಚಿನ ಬಿಳಿ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು. ಕೃಪಾ ಕಿಟ್ ಬ್ಯಾಗ್ ಹೊತ್ತು ಶೂ ಕಟ್ಟುತ್ತಿದ್ದಳು.

"ಇವತ್ತು ಯಾವ ವಾರ ಮಗಾ?"

"ಅಜ್ಜೀ, ಪ್ಲೀಸ್. ಸೆಲೆಕ್ಷನ್ ಇದೆ. ಒಂದೇ ದಿನ."

"ದೇವರಿಗೂ ನಾವು ಕೊಟ್ಟದ್ದು ಒಂದೇ ದಿನ."

"ಗಾಡ್ ಕೋ ಸಬ್ ಪತಾ ಹೈ ಅಜ್ಜೀ! ನಾನು ಗ್ರೌಂಡಲ್ಲೇ ಪ್ರೇ ಮಾಡ್ತೀನಿ ನಾ!"

ಅಮ್ಮ ಬಾಗಿಲಿಂದ ಸರಿದು ನಿಂತಳು. "ಹೋಗು. ನಾನು ತಡೆಯುದಿಲ್ಲ. ಆದ್ರೆ ಒಂದು ತಿಳ್ಕೋ, ನಿನ್ನ ಆ ಆಟವನ್ನು ಈ ಕಣ್ಣಲ್ಲಿ ನಾನು ನೋಡುದಿಲ್ಲ."

"ಮತ್ ದೇಖೋ!" ಎಂದು ಕೃಪಾ ಬಾಗಿಲು ದಡಕ್ಕನೆ ಎಳೆದುಕೊಂಡು ಹೋದಳು. ಆಯ್ಕೆಯೂ ಆದಳು. ಆ ಸುದ್ದಿ ಬಂದ ದಿನ ನಾನು ಪೇಡೆ ತಂದರೆ, ಅಮ್ಮ ತನ್ನ ಪಾಲನ್ನು ಮುಟ್ಟದೆ ಜೋಶಿ ಕಾಕುವಿಗೆ ಕಳಿಸಿದಳು.

ಅಲ್ಲಿಂದ ಎಂಟು ತಿಂಗಳು ನಮ್ಮ ಮನೆಯಲ್ಲಿ ಅಜ್ಜಿ ಮೊಮ್ಮಗಳ ನಡುವೆ ನಡೆದ ಮಾತುಕತೆ ಇಷ್ಟು: "ಊಟ ಆಯ್ತಾ?" "ಆಯ್ತು." ಎಂಟಕ್ಕೆ ಕೃಪಾ ಮನೆಯಲ್ಲಿದ್ದರೆ ಪ್ರಾರ್ಥನೆಗೆ ಕೂರುತ್ತಿದ್ದಳು, ಆದರೆ ಬಾಗಿಲ ಹತ್ತಿರ. ಅಮ್ಮ ಅವಳ ಹೆಸರು ಹೇಳುತ್ತಿದ್ದಳು, ಆದರೆ ಲಿಫ್ಟಿಗಿಂತ ಚಿಕ್ಕದಾಗಿ. ಒಂದು ಬೆಡ್‌ರೂಮಿನ ಮನೆಯಲ್ಲಿ ಇಬ್ಬರು ಮುನಿಸಿಕೊಂಡರೆ ಉಳಿದವರು ಎಲ್ಲಿ ಕಾಲಿಡುವುದು ಹೇಳಿ? ನಾನೂ ನನ್ನ ಹೆಂಡತಿ ಶಶಿಯೂ ಅಡುಗೆಮನೆಯ ಸಿಂಕಿನ ಮುಂದೆ ನಿಂತು ಪಿಸುಗುಟ್ಟುತ್ತಿದ್ದೆವು. ಶಶಿ ಗದಗದವಳು. "ಇಬ್ರೂ ಒಂದ ತಾಯಿ ಹೊಟ್ಟಿಯಿಂದ ಬಂದೋರಂಗ ಹಟಾ ಮಾಡ್ತಾರ ನೋಡ್ರಿ" ಎನ್ನುತ್ತಿದ್ದಳು.

ಕೃಪಾಳ ತಂಡದ ಪಂದ್ಯಗಳು ಹೋದ ಚಳಿಗಾಲದಲ್ಲಿ ಟಿವಿಯಲ್ಲಿ ಬಂದವು. ಅವಳು ತಂಡದೊಂದಿಗೆ ಹೋಟೆಲಿನಲ್ಲಿ. ಮೂರು ಪಂದ್ಯಗಳಲ್ಲಿ ನನ್ನ ಮಗಳು ಆಡಿದ್ದು ನೀರಿನ ಬಾಟಲಿ ಹಿಡಿದು ಓಡುವ ಆಟ. ನಾನು ಅದನ್ನೂ ಫೋಟೋ ಹೊಡೆದಿಟ್ಟೆ. ನಾಲ್ಕನೆಯದು ಶನಿವಾರ. ಬೆಳಿಗ್ಗೆ ಮುಖಕ್ಕೆ ನೊರೆ ಬಳಿದುಕೊಂಡು ನಿಂತಿದ್ದೆ, ಫೋನು ಬಂತು.

"ಪಪ್ಪಾ! ಐ ಆಮ್ ಇನ್! ಇವತ್ತು ಇಲೆವೆನ್‌ನಲ್ಲಿ ಇದ್ದೀನಿ!"

ನಾನು ಏನು ಕೂಗಿದೆನೋ ಗೊತ್ತಿಲ್ಲ, ಜೋಶಿ ಕಾಕು ಎದುರು ಮನೆಯಿಂದ "ಕಾಯ್ ಝಾಲಂ?" ಎಂದು ಓಡಿ ಬಂದರು. ನೊರೆ ಮೆತ್ತಿದ ಮುಖದಲ್ಲೇ ಅವರಿಗೆ ಸುದ್ದಿ ಹೇಳಿದೆ. ಫೋನಿನಲ್ಲಿ ಕೃಪಾಳ ದನಿ ಸಣ್ಣಗಾಯಿತು.

"ಪಪ್ಪಾ, ಅಜ್ಜಿ ನೋಡ್ತಾರಾ?"

"ನೋಡ್ತಾಳೆ, ನೋಡದೆ ಮತ್ತೆ!" ಎಂದುಬಿಟ್ಟೆ. ಫೋನಿಟ್ಟ ಮೇಲೆ ಲೆಕ್ಕ ಹಾಕಿದೆ. ಪಂದ್ಯ ಐದೂವರೆಗೆ. ಇವರದು ಮೊದಲು ಬ್ಯಾಟಿಂಗ್ ಆದರೆ ಕೃಪಾ ಚೆಂಡು ಹಿಡಿಯುವುದು ಸರಿಯಾಗಿ ಎಂಟರ ಸುಮಾರಿಗೆ.

ಅಮ್ಮ ಅಡುಗೆಮನೆಯಲ್ಲಿ ಬಂಗುಡೆ ತೊಳೆಯುತ್ತಿದ್ದಳು. ನಾನು ಸುತ್ತಿ ಬಳಸಿ, ದೇವರು ಏಳಕ್ಕೂ ಇರುತ್ತಾನೆ, ಒಂಬತ್ತಕ್ಕೂ ಇರುತ್ತಾನೆ ಎಂಬರ್ಥದ ಉಪದೇಶವೊಂದನ್ನು ಕೊಟ್ಟೆ. ಅಮ್ಮ ಮೀನಿನ ತಲೆ ಕತ್ತರಿಸುತ್ತ, "ಇರ್ತಾನೆ. ನೀನು ಇರ್ತಿಯಾ?" ಎಂದಳು. ಶಶಿ ಕೈ ಹಚ್ಚಿದಳು.

"ಅತ್ತೀ, ಒಂದಿನ ಏಳಕ್ಕ ಮಾಡೂಣಲ್ರಿ. ಕೂಸು ಮೊದಲನೇ ಸಲ ಆಡಾಕತ್ತದ."

"ಶಶೀ, ನಿನ್ನ ಮಗಳು ಎಂಟಕ್ಕೆ ಅಷ್ಟು ಜನರ ನಡುವೆ ಒಬ್ಬಳೇ ನಿಂತಿರ್ತಾಳೆ ಅಂದ್ರೆ ಆಗಲೇ ಅಲ್ವಾ ಪ್ರಾರ್ಥನೆ ಬೇಕಾದ್ದು?"

ಇಬ್ಬರೂ ಸೋತು ಹೊರಗೆ ಬಂದೆವು. ಅಮ್ಮ ನೋಡುವುದಿಲ್ಲ, ಕೃಪಾ ಕೇಳುತ್ತಾಳೆ, ನಾನು ಏನು ಹೇಳಲಿ ಎಂಬ ಚಿಂತೆಯಲ್ಲಿ ಅಂದಿನ ಬಂಗುಡೆಯನ್ನು ತಟ್ಟೆಯಲ್ಲೇ ಬಿಟ್ಟೆ.

ಸಂಜೆಯಾದಂತೆ ಚಿಂತೆ ಮಾಡಲಿಕ್ಕೂ ಜಾಗ ಉಳಿಯಲಿಲ್ಲ. ಬಿಲ್ಡಿಂಗೇ ನಮ್ಮ ಮನೆಗೆ ಬಂತು! ಜೋಶಿ ಕಾಕು ಕಾಂದಾ ಭಜಿಯ, ಅಂದರೆ ಈರುಳ್ಳಿ ಬಜ್ಜಿಯ, ತಾಟು ಹಿಡಿದು ಬಂದರು. ಸದಾನಂದ ಶೆಟ್ರು ಹೋಟೆಲನ್ನು ತಮ್ಮನಿಗೆ ಬಿಟ್ಟು, ಕೊಡದಷ್ಟು ದೊಡ್ಡ ಥರ್ಮಾಸಿನಲ್ಲಿ ಕಾಫಿ ಹೊತ್ತು ಬಂದರು. ಸೋಫಾದ ಮೇಲೆ ಆರು, ಕೆಳಗೆ ಹತ್ತು, ಬಾಲ್ಕನಿಯಲ್ಲಿ ನಾಲ್ಕು ಜನ. ಅಮ್ಮ ಒಳಗೆ ಮಂಚದ ಮೇಲೆ ಕನ್ನಡಕ ತೆಗೆದಿಟ್ಟು ಕೂತಿದ್ದಳು. ಕೃಪಾಳ ತಂಡದ ಬ್ಯಾಟಿಂಗ್ ಮುಗಿಯಿತು, ನೂರಮೂವತ್ತೆರಡು. ಎದುರು ತಂಡ ಇಳಿಯಿತು. ಕೃಪಾ ಗೆರೆಯ ಹತ್ತಿರ ಒಂದು ಫೋರು ತಡೆದಾಗ ನಮ್ಮ ಕೆಳಗಿನ ಮನೆಯ ಸೀಲಿಂಗ್ ಫ್ಯಾನು ಅಲುಗಿರಬೇಕು, ಹಾಗೆ ಕುಣಿದೆವು.

ಕ್ಯಾಪ್ಟನ್ ಕೃಪಾಳನ್ನು ಕೈಬೀಸಿ ಕರೆದಳು. ಚೆಂಡು ಕೊಟ್ಟಳು. ನನ್ನ ಮಗಳು ಪ್ಯಾಂಟಿಗೆ ಚೆಂಡನ್ನು ಉಜ್ಜಿದಳು. ಅಂಪೈರು ಟೈಮ್‌ಔಟ್ ತೋರಿಸಿದರು, ಆಟಕ್ಕೆ ಕೆಲವು ನಿಮಿಷ ಬಿಡುವು. ಅಷ್ಟರಲ್ಲಿ ಒಳಗಿನಿಂದ ಅಮ್ಮ ಬಂದು, ಇಪ್ಪತ್ತು ಜನರ ಕಾಲುಗಳ ನಡುವೆ ಹಾದು, ಟಿವಿ ಆರಿಸಿ, ಮುಸುಕು ಇಳಿಬಿಟ್ಟಳು.

ಗಂಟೆ ಎಂಟು.

ಯಾರಾದರೂ ಏನಾದರೂ ಹೇಳಿಯಾರು ಎಂದು ಕಾದೆ. ಶೆಟ್ರು ಬಾಯಿ ತೆರೆದು, ಅಮ್ಮನ ಮುಖ ನೋಡಿ, ಭಜಿ ಹಾಕಿಕೊಂಡು ಮುಚ್ಚಿದರು. ಜೋಶಿ ಕಾಕು ಸೆರಗನ್ನು ತಲೆಗೆ ಎಳೆದುಕೊಂಡು ಉಳಿದವರಿಗೆ "ಬಸಾ, ಬಸಾ" ಎಂದರು. ವರ್ಷಗಟ್ಟಲೆ ಎದುರು ಮನೆಯಲ್ಲಿದ್ದವರಿಗೆ ನಿಯಮ ಗೊತ್ತಿತ್ತು. ಇಪ್ಪತ್ತು ಜನ ಕೂತರು. ಅಮ್ಮ ಹಾಡು ಎತ್ತಿದಳು. ನಾಲ್ಕು ಚರಣಗಳ ಹಾಡು! ಶಶಿ ನನ್ನನ್ನು ನೋಡಿದಳು, ನಾನು ಗಡಿಯಾರ ನೋಡಿದೆ.

ವೇದಪಾಠ ಮುಗಿದು ಅಮ್ಮನ ಪ್ರಾರ್ಥನೆ ಶುರುವಾಗುವ ಹೊತ್ತಿಗೆ ಬಿಲ್ಡಿಂಗಿನ ಇನ್ನೊಂದು ಭಾಗವಾದ ಬಿ ವಿಂಗ್‌ನಿಂದ ಒಂದು ಕೂಗು ಎದ್ದಿತು. ಅಲ್ಲಿಯವರೂ ನಮ್ಮ ಹುಡುಗಿಯ ಆಟವನ್ನೇ ನೋಡುತ್ತಿದ್ದರು. ನನ್ನ ಹಳೆಯ ವಿದ್ಯೆ ಜಾಗೃತವಾಯಿತು. ಕೂಗು ಎದ್ದಿತು, ಮುರಿಯಿತು. ವಿಕೆಟ್ಟು! ಕಣ್ಣು ತೆರೆದು ಶೆಟ್ರಿಗೆ ಒಂದು ಬೆರಳು ತೋರಿಸಿದೆ. ಅವರ ಮುಖ ಅರಳಿತು. ಮತ್ತೆ ಕೂಗು, ಎರಡು ಬೆರಳು. ಇನ್ನೊಮ್ಮೆ ಕೂಗಿದಾಗ ನಾನು ಮೂರು ಬೆರಳು ಎತ್ತಿ, ಸಂತೋಷ ತಡೆಯಲಾಗದೆ ಶೆಟ್ರ ತೊಡೆಗೆ ಗುದ್ದಿದೆ. ಮೊದಲ ಓವರಿನಲ್ಲೇ ಮೂರು ವಿಕೆಟ್! ನನ್ನ ಮಗಳು! ಎಡಗೈ!

ಅಮ್ಮ ಅಯ್ಯನವರನ್ನು ದಾಟಿ, ಲಿಫ್ಟನ್ನು ದಾಟಿ, ಕಾಕುವಿನ ಮೊಣಕಾಲನ್ನು ದಾಟಿ ಮನೆಗೆ ಬಂದಳು. ನಾನು ಬೆರಳು ಮಡಚಿಕೊಂಡೆ.

"ಕರ್ತನೇ, ಮಗು ಮೈದಾನದಲ್ಲಿ ಉಂಟು. ಈ ಹೊತ್ತಿಗೆ ಅಲ್ಲಿ ಇಬ್ಬನಿ ಬೀಳ್ತದೆ, ಚೆಂಡು ಜಾರ್ತದೆ. ಅವಳ ಬೆರಳು ಗಟ್ಟಿ ಮಾಡು. ಅವಳ ಕಾಲು ಗೆರೆ ದಾಟದ ಹಾಗೆ ನೋಡ್ಕೋ. ಗೆಲ್ಲಿಸು ಅಂತ ನಾನು ಕೇಳುದಿಲ್ಲ, ಆಚೆ ಕಡೆಯ ಮಕ್ಕಳಿಗೂ ಅಜ್ಜಿಯಂದಿರು ಇರ್ತಾರೆ. ಅವಳಿಗೆ ಹೆದರಿಕೆ ಆಗದಿರಲಿ, ಅಷ್ಟೇ. ಮತ್ತೆ ಕರ್ತನೇ, ನಾನು ಅವಳ ಮೇಲೆ ಸಿಟ್ಟು ಮಾಡಿದ್ದೇನೆ. ನಿನಗೋಸ್ಕರ ಸಿಟ್ಟು ಅಂತ ಇಷ್ಟು ದಿನ ನಿನ್ನ ಹೆಸರಲ್ಲಿ ಇಟ್ಕೊಂಡಿದ್ದೆ. ನಿನ್ನದಲ್ಲ ಅದು. ಬೆಂಚಿನಲ್ಲಿ ಪಕ್ಕ ಖಾಲಿ ಆಯ್ತಲ್ಲ ಅಂತ ನನ್ನದೇ ಸಂಕಟ. ಕ್ಷಮಿಸು. ನನ್ನ ಮಗು ಅವಳು."

ಕನ್ನಡ ತಿಳಿದ ಶೆಟ್ರು ಮೂಗು ಒರೆಸಿಕೊಂಡರು. ತಿಳಿಯದ ಕಾಕುವೂ ಒರೆಸಿಕೊಂಡರು. ನಾನು ಅತ್ತೆ, ಸುಳ್ಳೇಕೆ ಹೇಳಲಿ. ಇಬ್ಬನಿ, ಗೆರೆ, ಇದೆಲ್ಲ ಅಮ್ಮನಿಗೆ ಹೇಗೆ ಗೊತ್ತಾಯಿತು ಎಂದು ಶಶಿಯ ಕಡೆ ತಿರುಗಿದರೆ ಅವಳು ಕಣ್ಣೀರಲ್ಲೇ ನಗುತ್ತಿದ್ದಳು. "ದಿನಾ ಮಧ್ಯಾಹ್ನ ನನ್ನ ಕಡೆ ಕೇಳಿ ಕೇಳಿ ಕಲತಾರ. ನಿಮಗ ಹೇಳಬ್ಯಾಡ ಅಂದಿದ್ರು" ಎಂದು ಕಿವಿಯಲ್ಲಿ ಹೇಳಿದಳು.

ಆಮೆನ್ ಆಯಿತು. ಅಷ್ಟು ಜೋರಾದ ಆಮೆನ್ ನಮ್ಮ ಮನೆಯಲ್ಲಿ ಅಂದೇ ಮೊದಲು. ನಾನು ಹಾರಿ ಹೋಗಿ ಮುಸುಕು ಎತ್ತಿದೆ. ಟಿವಿಯ ಕೆಳಗಿನ ಪಟ್ಟಿಯಲ್ಲಿ ಕೃಪಾಳ ಹೆಸರು ಬಂತು. ಒಂದು ಓವರ್. ಹತ್ತೊಂಬತ್ತು ರನ್. ವಿಕೆಟ್ ಸೊನ್ನೆ.

ಆ ಮೂರು ಕೂಗು ಮೂರು ಸಿಕ್ಸರುಗಳದ್ದು. ಬಿ ವಿಂಗ್‌ನವರು ಸಂಕಟಕ್ಕೆ ಕೂಗಿದ್ದರು! ಶೆಟ್ರು ನನ್ನ ಬೆರಳುಗಳನ್ನೇ ನೋಡಿದರು. "ಎಂತ ಮಾರಾಯ್ರೇ ನೀವು!" ಎಂದರು. ನಾನು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಅಮ್ಮ ಅಷ್ಟು ಮನಸಾರೆ ಬೇಡುತ್ತಿದ್ದ ಹೊತ್ತಿಗೇ ನನ್ನ ಮಗು ಅಲ್ಲಿ ಪೆಟ್ಟು ತಿನ್ನುತ್ತಿತ್ತೇ? ಇದೆಂಥ ನ್ಯಾಯ ದೇವರೇ ಎಂದು ಕೇಳಿಯೂಬಿಟ್ಟೆ, ಮನಸ್ಸಿನಲ್ಲಿ.

"ಹತ್ತೊಂಬತ್ತು ಅಂದ್ರೆ ಜಾಸ್ತಿಯಾ?" ಅಮ್ಮ ಕೇಳಿದಳು.

ಜಾಸ್ತಿ ಎಂಬ ಮಾತೊಂದನ್ನೇ ಹಿಡಿದು, "ಥೋಡಂ ಜಾಸ್ತ್" ಎಂದರು ಕಾಕು.

ಪ್ರಾರ್ಥನೆ ಮುಗಿದರೆ ಅಮ್ಮ ನೇರ ಅಡುಗೆಮನೆಗೆ ಹೋಗಿ ತಟ್ಟೆ ಇಡುವವಳು. ಅಂದು ಹೋಗಲಿಲ್ಲ. ಒಂದು ಸ್ಟೂಲನ್ನು ಎಳೆದು, ಎಲ್ಲರಿಗೂ ಅಡ್ಡವಾಗಿ, ಟಿವಿಯಿಂದ ಒಂದು ಮಾರು ದೂರದಲ್ಲಿ ಕೂತಳು.

"ಶಶೀ, ನನ್ನ ಕನ್ನಡಕ ತಾ."

ಹಿಂದೆ ಕೂತವರಿಗೆ ಅಮ್ಮನ ತುರುಬು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಯಾರೂ ತಕರಾರು ಮಾಡಲಿಲ್ಲ. ಎಲ್ಲರೂ ಎದ್ದು ನಿಂತರು.

ಹತ್ತೊಂಬತ್ತು ಹೊಡೆಸಿಕೊಂಡವಳಿಗೆ ಇನ್ನೊಂದು ಓವರ್ ಯಾರು ಕೊಡುತ್ತಾರೆ? ಆ ಕ್ಯಾಪ್ಟನ್ ಹುಡುಗಿ ಕೊಟ್ಟಳು! ಅವಳ ಹೊಟ್ಟೆ ತಣ್ಣಗಿರಲಿ! ಕೃಪಾಳ ಮುಖವನ್ನು ಹತ್ತಿರದಿಂದ ತೋರಿಸಿದರು, ತುಟಿ ಕಚ್ಚಿಕೊಂಡಿದ್ದಳು. ಮೊದಲ ಚೆಂಡು, ಒಂದು ರನ್. "ಕಾಲು ಗೆರೆ ದಾಟ್ಲಿಲ್ಲ" ಎಂದಳು ಅಮ್ಮ. ಎರಡನೆಯದು ಖಾಲಿ. ಮೂರನೆಯದಕ್ಕೆ ಫೋರು. ಶೆಟ್ರು ನರಳಿದರು. ಅಮ್ಮ ಕೈಯೆತ್ತಿ ಸುಮ್ಮನಿರಿಸಿದಳು. ನಾಲ್ಕನೆಯದು ಖಾಲಿ. ಐದನೆಯದನ್ನು ಕೃಪಾ ತುಸು ಮೇಲಕ್ಕೆ, ತುಸು ನಿಧಾನಕ್ಕೆ ಬಿಟ್ಟಳು. ಎದುರಿನವಳು ಮುಂದೆ ಹಾರಿ ಬೀಸಿದಳು, ಚೆಂಡು ಬಿದ್ದು ತಿರುಗಿತು, ಸ್ಟಂಪು ಮಿನುಗಿದವು.

ಔಟ್! ಈ ಸಲ ಕಿರುಚಿದ್ದು ನಾನಲ್ಲ ಸ್ವಾಮೀ, ಅಮ್ಮ! ಎಪ್ಪತ್ತಾರು ವರ್ಷದ ಅಮ್ಮ ಸ್ಟೂಲಿನಿಂದ ಎದ್ದು ಎರಡೂ ಕೈ ಮೇಲೆತ್ತಿ ನಿಂತಿದ್ದಳು. ಭಜಿಯ ತಾಟು ಎಲ್ಲಿ ಹೋಯಿತೋ, ಕಾಫಿ ಯಾರ ಮೇಲೆ ಚೆಲ್ಲಿತೋ, ಶಶಿ ಕಾಕುವನ್ನು ಅಪ್ಪಿದಳೋ ಕಾಕು ಶಶಿಯನ್ನೋ, ದೇವರಿಗೇ ಗೊತ್ತು. ಕೊನೆಗೆ ನಮ್ಮ ತಂಡ ಸೋತಿತಂತೆ. ನಮ್ಮ ಮನೆಯಲ್ಲಿ ಯಾರೂ ಅದನ್ನು ಗಮನಿಸಲಿಲ್ಲ.

ಪಂದ್ಯ ಮುಗಿದು ಅರ್ಧ ಗಂಟೆಗೆ ಫೋನು ಬಂತು. "ಪಪ್ಪಾ," ಎಂದಳು ಕೃಪಾ. "ಅಜ್ಜಿ ನೋಡಿದ್ರಾ?"

ನಾನು ಫೋನನ್ನು ಅಮ್ಮನ ಕೈಗೆ ಕೊಟ್ಟು ಸ್ಪೀಕರ್ ಹಾಕಿದೆ.

"ಮಗಾ, ಎರಡನೇ ಓವರ್ ನೋಡಿದೆ. ಮೊದಲನೇದು ನೋಡ್ಲಿಲ್ಲ. ಪ್ರಾರ್ಥನೆ ಇತ್ತು."

"ಓ ಥ್ಯಾಂಕ್ ಗಾಡ್!" ಎಂದು ಕೃಪಾ ಎಷ್ಟು ಜೋರಾಗಿ ಹೇಳಿದಳೆಂದರೆ, ಅಮ್ಮ ನಕ್ಕುಬಿಟ್ಟಳು. ಆಚೆಯಿಂದ ಕೃಪಾಳೂ ನಕ್ಕಳು. ನಗುತ್ತ ನಗುತ್ತಲೇ ಅಳತೊಡಗಿದಳು. "ಸಾರಿ ಅಜ್ಜೀ. ಬಹುತ್ ಮಾರಾ ಮುಝೇ. ಆಮೇಲೆ ಹೇಗೋ... ಪತಾ ನಹೀ, ಡರ್ ಚಲಾ ಗಯಾ, ಹೆದರಿಕೆನೇ ಹೋಯ್ತು."

"ಗೊತ್ತುಂಟು ಮಗಾ" ಎಂದಳು ಅಮ್ಮ. ಅದರ ಹಿಂದೆಯೇ, "ನಾಳೆ ಭಾನುವಾರ" ಎಂದಳು.

ಶಶಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು.

"ಅಜ್ಜೀ, ನಾಳೆ ಒಂಬತ್ತೂವರೆಗೆ ಪ್ರಾಕ್ಟೀಸ್ ಇದೆ" ಎಂದಳು ಕೃಪಾ, ತೀರ ಮೆಲ್ಲಗೆ.

"ಎಲ್ಲಿ?"

"ಪರೇಲ್."

"ಹಾಗಾದ್ರೆ ಏಳು ಗಂಟೆಗೆ ದಾದರಿಗೆ ಬಾ. ಅದೇ ಚರ್ಚಿನಲ್ಲಿ ಏಳಕ್ಕೆ ಮರಾಠಿಯವರ ಆರಾಧನೆ ಉಂಟು. ನಾನೂ ಬರ್ತೇನೆ. ನಿನ್ನ ಪಕ್ಕ ಕೂತ್ಕೊಳ್ತೇನೆ."

ನಿಮಗೆ ಇದರ ತೂಕ ತಿಳಿಯಬೇಕಾದರೆ ಒಂದು ವಿಷಯ ಹೇಳಬೇಕು. ದಾದರಿನ ಆ ಒಂದೇ ಕಟ್ಟಡದಲ್ಲಿ ಬೆಳಿಗ್ಗೆ ಮರಾಠಿಯವರು, ಹತ್ತಕ್ಕೆ ನಾವು, ಸಂಜೆ ತಮಿಳರು ಸೇರುತ್ತೇವೆ. ಮರಾಠಿಯವರು ನಮ್ಮ ಬೆಂಚುಗಳನ್ನು ಓರೆ ಮಾಡಿ ಹೋಗುತ್ತಾರೆ, ಹೂದಾನಿಯಲ್ಲಿ ನೀರು ಬಿಡುವುದಿಲ್ಲ ಎಂಬುದು ನಮ್ಮ ಕನ್ನಡ ಸಭೆಯ ಹಿರಿಯರ ಬಹುಕಾಲದ ದೂರು, ಅವರಲ್ಲಿ ಮುಂದಾಳು ಅಮ್ಮ. ಹತ್ತು ಗಂಟೆಗೆ ಮೊದಲು ಆ ಬಾಗಿಲು ದಾಟಿದವಳೇ ಅಲ್ಲ.

"ನಿಮಗೆ ಮರಾಠಿ ಎಲ್ಲಿ ಬರುತ್ತೆ ಅಜ್ಜೀ?"

"ದೇವರಿಗೆ ಬರ್ತದಲ್ಲ, ಸಾಕು."

ಮರುದಿನ ಐದೂವರೆಯ ಲೋಕಲ್ ಹಿಡಿದು ಹೋದೆವು. ಅಮ್ಮ ಬಿಳಿ ಸೀರೆ. ಕೃಪಾ ಟ್ರ್ಯಾಕ್ ಪ್ಯಾಂಟಿನಲ್ಲಿ ಚರ್ಚಿನ ಗೇಟಿನ ಹತ್ತಿರ ಕಿಟ್ ಬ್ಯಾಗ್ ಹೊತ್ತು ನಿಂತಿದ್ದಳು. ಅಜ್ಜಿಯನ್ನು ಕಂಡದ್ದೇ ಬ್ಯಾಗನ್ನು ನೆಲಕ್ಕೆ ಬಿಟ್ಟು ಓಡಿ ಬಂದು ಅಪ್ಪಿಕೊಂಡಳು. ನಾನು ಬ್ಯಾಗು ಎತ್ತಿಕೊಂಡು ಹಿಂದೆ ನಡೆದೆ, ಕಲ್ಲು ತುಂಬಿದಷ್ಟು ಭಾರ. ಮರಾಠಿಯವರು ಹಾಡು ಎತ್ತಿದರು. ರಾಗ ನಮ್ಮದೇ! ಅಮ್ಮ ಯಾವ ಮುಲಾಜೂ ಇಲ್ಲದೆ ಗಟ್ಟಿ ದನಿಯಲ್ಲಿ ಕನ್ನಡದಲ್ಲೇ ಹಾಡಿದಳು. ಮುಂದಿನ ಬೆಂಚಿನವರು ತಿರುಗಿ ನೋಡಿದರು. ಕೃಪಾ ಅಲ್ಲಲ್ಲಿ ತಡವರಿಸುತ್ತ, ಅಜ್ಜಿಯ ಬಾಯಿ ನೋಡುತ್ತ, ತಾನೂ ಕನ್ನಡದಲ್ಲೇ ಹಾಡಿದಳು.

ಆರಾಧನೆ ಮುಗಿದು ಹೊರಗೆ ಬಂದಾಗ ಎಂಟೂಮುಕ್ಕಾಲು. ಕೃಪಾ ಬ್ಯಾಗನ್ನು ಹೆಗಲಿಗೇರಿಸಿ, "ನೀವು ಈಗ ಮನೆಗೆ ಹೋಗಿ ಅಜ್ಜೀ, ಪಪ್ಪಾ ಟ್ಯಾಕ್ಸಿ ಮಾಡ್ತಾರೆ" ಎಂದಳು.

"ಯಾಕೆ ಮನೆಗೆ? ಹತ್ತಕ್ಕೆ ನಮ್ಮ ಕನ್ನಡದ್ದು ಉಂಟಲ್ಲ. ಅದಕ್ಕೂ ಕೂತು ಬರ್ತೇನೆ."

"ಅಯ್ಯೋ! ದೋ ದೋ ಸರ್ವಿಸ್? ಸುಸ್ತಾಗಲ್ವಾ ನಿಮಗೆ?"

ಅಮ್ಮ ಅವಳ ಕೊರಳಪಟ್ಟಿ ಸರಿಮಾಡಿದಳು. "ಎಂಟು ತಿಂಗಳು ನಿನ್ನ ಹತ್ರ ಮಾತಾಡದೆ ಸುಸ್ತಾದಷ್ಟು ಆಗುದಿಲ್ಲ. ಹೋಗು, ಚೆಂಡು ಹಾಕು."